ಯಾವ ಬಾಯಿಗೆ ಯಾವ ಎಣ್ಣೆ

ನಾನು ಬರೆಯಲು ಕೂರುವ ಕಿಟಕಿಯ ಕಟ್ಟೆಯ ಮೇಲೆ ಎಂಟು ತಿಂಗಳಿಂದ ಎರಡು ಗಾಜಿನ ಬಾಟಲಿಗಳಿದ್ದವು. ಮೊದಲನೆಯದರಲ್ಲಿ ಅರ್ಧ ಸಿಂಥೆಟಿಕ್ ಎಂಜಿನ್ ಆಯಿಲ್, ಅರ್ಧ ಮಾಮೂಲಿ ಮಿನರಲ್ ಆಯಿಲ್. ಎರಡನೆಯದರಲ್ಲಿ ಅರ್ಧ ಅದೇ ಮಿನರಲ್ ಆಯಿಲ್, ಅರ್ಧ ಹರಳೆಣ್ಣೆ. ಎರಡನ್ನೂ ಒಂದೇ ದಿನ ಚೆನ್ನಾಗಿ ಕುಲುಕಿ, ಬಿರಡೆ ಬಿಗಿದು ಇಟ್ಟಿದ್ದೆ. ವಾರ ಕಳೆಯುವುದರೊಳಗೆ ಎರಡನೆಯ ಬಾಟಲಿಯಲ್ಲಿ ಹರಳೆಣ್ಣೆ ತಳಕ್ಕಿಳಿದು, ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ ನಡುವೆ ಒಂದು ಗೆರೆ ಮೂಡಿತು. ಮೊದಲ ಬಾಟಲಿಯಲ್ಲಿ ಮಾತ್ರ ಸಿಂಥೆಟಿಕ್ ಎಲ್ಲಿ ಮುಗಿದು ಮಿನರಲ್ ಎಲ್ಲಿ ಶುರುವಾಗುತ್ತದೆ ಎಂದು ಮನೆಗೆ ಬಂದ ಯಾರೂ ತೋರಿಸಲಾಗಲಿಲ್ಲ. "ಇದನ್ನ ಯಾವಾಗ ಎಸೀತೀರಿ" ಎಂದು ಮನೆಯಾಕೆ ತಿಂಗಳಿಗೊಮ್ಮೆ ಕೇಳುವುದು, ನಾನು "ಇನ್ನೂ ನಾಲ್ಕು ಜನ ನೋಡಲಿ" ಎನ್ನುವುದು ನಡೆದೇ ಇತ್ತು.

ಬಾಟಲಿ ಇಡುವ ಹುಚ್ಚು ಹತ್ತಿದ್ದು ಒಂದೇ ಪ್ರಶ್ನೆಯನ್ನು ಕೇಳಿ ಕೇಳಿ. ಟ್ರ್ಯಾಕ್ಟರ್ ಇಟ್ಟವರು, ಟಿಲ್ಲರ್ ಇಟ್ಟವರು, ಬೈಕಿನ ಹುಡುಗರು, ಹೊಸ ಕಾರು ಕೊಂಡ ಮೇಷ್ಟ್ರು, ಎಲ್ಲರದೂ ಅದೇ: "ಸಿಂಥೆಟಿಕ್ ಹಾಕಿದ ಎಂಜಿನ್ನಿಗೆ ಮಾಮೂಲಿ ಆಯಿಲ್ ಸೇರಿಸಿದ್ರೆ ಹಾಲು ಒಡೆದಂಗೆ ಆಗುತ್ತಂತಲ್ಲ, ಹೌದಾ?" ಹಾಲು ಒಡೆಯುತ್ತದೆ ಎನ್ನುವವರು ಒಂದಷ್ಟು ಜನ, ಹೆಪ್ಪುಗಟ್ಟುತ್ತದೆ ಎನ್ನುವವರು ಇನ್ನೊಂದಷ್ಟು ಜನ. ಎಂಜಿನ್ನಿನೊಳಗೆ ಹೆಪ್ಪು ಹಾಕಿದ ಮೊಸರನ್ನು ಕಣ್ಣಾರೆ ನೋಡಿದವರು ಮಾತ್ರ ನನಗೆ ಈವರೆಗೆ ಸಿಕ್ಕಿಲ್ಲ.

ಹೆದರಿಕೆ ಬರೀ ಮಾತಿನಲ್ಲಿ ಉಳಿದಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ನಮ್ಮ ಭಾವನವರದು ಚನ್ನಗಿರಿ ಕಡೆ ಭದ್ರಾ ನಾಲೆಯ ಗದ್ದೆ. ಟ್ರ್ಯಾಕ್ಟರ್ ಚೆನ್ನಾಗಿರಲಿ ಎಂದು ಒಂದು ವರ್ಷ ಆಸೆಪಟ್ಟು ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿಸಿದರು. ಆ ಮಳೆಗಾಲದಲ್ಲಿ ನಾಟಿಗೆ ಎಲ್ಲರೂ ಒಮ್ಮೆಗೇ ಮುಗಿಬಿದ್ದಾಗ ಡ್ರೈವರ್ ಹುಡುಗ ಕಡ್ಡಿ ಎಳೆದು ನೋಡಿದ್ದಾನೆ, ಎಣ್ಣೆ ಕೆಳಗಿನ ಗುರುತಿಗಿಂತಲೂ ಕೆಳಗಿದೆ. ಊರಿನ ಅಂಗಡಿಯಲ್ಲಿ ಅದೇ ನಂಬರಿನ ಮಿನರಲ್ ಆಯಿಲ್ ಇತ್ತು. ತಂದು ಸುರಿಯುತ್ತೇನೆ ಎಂದ ಹುಡುಗನಿಗೆ ಭಾವ, "ಬ್ಯಾಡ ಕಣೋ, ಬೆರಕೆ ಆಗುತ್ತೆ, ಸೋಮವಾರ ಶಿವಮೊಗ್ಗದಿಂದ ಅದೇ ತರಾಣ" ಎಂದರು. ಕೇಜ್ ವೀಲ್ ಹಾಕಿಕೊಂಡು ಮೂರು ದಿನ ಕೆಸರು ಹೊಡೆದದ್ದಾಯಿತು. ಗದ್ದೆಯಲ್ಲಿ ಗಾಡಿ ಒಂದು ಕಡೆ ವಾಲಿದಾಗಲೆಲ್ಲ ಉಳಿದಿದ್ದ ಎಣ್ಣೆ ಆ ಮೂಲೆಗೆ ಸರಿದು, ಪಂಪಿನ ಬಾಯಿಗೆ ಎಣ್ಣೆಯ ಬದಲು ಗಾಳಿ ಸಿಕ್ಕಿದೆ. ಮೂರನೆಯ ದಿನ ಮಧ್ಯಾಹ್ನ ಎಂಜಿನ್ ಒಳಗಿಂದ ಬಡಿಯತೊಡಗಿತು. ಬೇರಿಂಗು ತಿಂದು, ಕ್ರ್ಯಾಂಕ್ ಗೀರಿತ್ತು. ಆ ಬೆಳೆಯ ಲಾಭವೆಲ್ಲ ಲೇತ್ ಅಂಗಡಿಗೆ ಹೋಯಿತು.

ಬಿಚ್ಚಿದ ಎಂಜಿನ್ ಮುಂದೆ ಕೂತಿದ್ದ ಮೇಸ್ತ್ರಿ ಅಂದ ಮಾತು ನನಗೆ ನೆನಪಿದೆ: "ಸಾರ್, ಬೆರಕೆ ಆಯಿಲಿಂದ ಸತ್ತ ಎಂಜಿನ್ ನಾನಂತೂ ನೋಡಿಲ್ಲ. ಆಯಿಲ್ ಇಲ್ದೆ ಸತ್ತಿರೋವು ಆ ಮೂಲೇಲಿ ಎಷ್ಟಿವೆ ಎಣಿಸ್ಕಳಿ."

ಹಾಗಾದರೆ ಸಿಂಥೆಟಿಕ್ ಎಂದರೇನು? ಡಬ್ಬದಲ್ಲಿರುವ ಎಂಜಿನ್ ಆಯಿಲ್‌ನಲ್ಲಿ ಸುಮಾರು ಮುಕ್ಕಾಲು ಪಾಲು, ಕೆಲವೊಮ್ಮೆ ಶೇ 90ರವರೆಗೂ, ಮೂಲ ಎಣ್ಣೆಯೇ ಇರುತ್ತದೆ. ಉಳಿದದ್ದು ಮಸಾಲೆ: ಮಸಿಯನ್ನು ತಳಕ್ಕೆ ಕೂರಲು ಬಿಡದೆ ತೇಲಿಸಿಡುವುದು, ಲೋಹಕ್ಕೆ ಲೋಹ ಉಜ್ಜದಂತೆ ಕಾಯುವ ಸತು-ರಂಜಕದ ಸಂಯುಕ್ತ, ನೊರೆ ತಡೆಯುವುದು, ಆಮ್ಲ ಹೀರುವುದು, ಇಂಥವು. ಮಿನರಲ್ ಆಯಿಲ್‌ನ ಮೂಲ ಎಣ್ಣೆ ಕಚ್ಚಾ ತೈಲವನ್ನು ಬಟ್ಟಿ ಇಳಿಸಿ, ಮೇಣ ತೆಗೆದು, ಶುದ್ಧ ಮಾಡಿದ್ದು. ಸಿಂಥೆಟಿಕ್ ಎಂದರೆ ಮೊದಮೊದಲು ಕಾರ್ಖಾನೆಯಲ್ಲಿ ಸಣ್ಣ ಅಣುಗಳನ್ನು ಪೋಣಿಸಿ ಕಟ್ಟಿದ ಎಣ್ಣೆ; ಪಾಲಿಆಲ್ಫಾಓಲೆಫಿನ್ ಎಂಬ ನಾಲಿಗೆ ಹೊರಳದ ಹೆಸರಿನದು. ಅಣುಗಳೆಲ್ಲ ಒಂದೇ ಅಳತೆಯವಾದ್ದರಿಂದ ಚಳಿಗೆ ಬೇಗ ಗಟ್ಟಿಯಾಗುವುದಿಲ್ಲ, ಬಿಸಿಗೆ ಬೇಗ ಹಳಸುವುದಿಲ್ಲ. ನೆಲ್ಲು, ಜೊಳ್ಳು, ಕಲ್ಲು ಎಲ್ಲ ಇರುವ ರಾಶಿಗೂ ಆರಿಸಿಟ್ಟ ಬಿತ್ತನೆ ಬೀಜಕ್ಕೂ ಇರುವ ಫರಕು ಎನ್ನಬಹುದು.

ಆಮೇಲೆ ಕಥೆಗೆ ಒಂದು ತಿರುವು ಬಂತು. ಕಚ್ಚಾ ತೈಲದಿಂದಲೇ ಬಂದ ಎಣ್ಣೆಯನ್ನು ಹೆಚ್ಚು ಒತ್ತಡ, ಹೆಚ್ಚು ಕಾವು ಕೊಟ್ಟು ಜಲಜನಕದ ಜತೆ ಹಾಯಿಸಿದರೆ ಅಣುಗಳು ಒಡೆದು, ಮರುಜೋಡಣೆಯಾಗಿ, ಕಾರ್ಖಾನೆ ಎಣ್ಣೆಗೆ ಹತ್ತಿರದ ಗುಣ ಬರುತ್ತದೆ. ಇದಕ್ಕೆ ಗ್ರೂಪ್ 3 ಎಂದು ಹೆಸರು. ಒಂದು ಕಂಪನಿ ಇದನ್ನೇ ಸಿಂಥೆಟಿಕ್ ಎಂದು ಮಾರತೊಡಗಿದಾಗ ಎದುರಾಳಿ ಕಂಪನಿ ಅಮೆರಿಕದ ಜಾಹೀರಾತು ದೂರು ಮಂಡಳಿಗೆ ಹೋಯಿತು. ಕ್ಯಾಸ್ಟ್ರಾಲ್ ಮತ್ತು ಮೊಬಿಲ್ ನಡುವಿನ ಆ ಜಗಳದಲ್ಲಿ 1999ರಲ್ಲಿ ಬಂದ ತೀರ್ಮಾನ, ಹಾಗೆ ಕರೆಯಬಹುದು ಎಂದಾಯಿತು. ಅಂದಿನಿಂದ ಡಬ್ಬದ ಮೇಲಿನ ಸಿಂಥೆಟಿಕ್ ಎಂಬ ಮಾತು ಹಲವು ಕಡೆ ಎಣ್ಣೆಯ ಹುಟ್ಟನ್ನು ಹೇಳುವುದಕ್ಕಿಂತ ನಡತೆಯನ್ನು ಹೇಳುವ ಮಾತಾಗಿದೆ. ನಾವು ಹೆದರಿ ಹೆದರಿ ದೂರ ಇಡುವ ಈ ಎರಡು ಎಣ್ಣೆಗಳು ಎಷ್ಟೋ ಸಲ ಒಂದೇ ಬಾವಿಯಿಂದ ಬಂದ ದಾಯಾದಿಗಳು.

ಅಂಗಡಿಯಲ್ಲಿ ಇನ್ನೊಂದು ಡಬ್ಬವೂ ಇರುತ್ತದೆ, ಸೆಮಿ ಸಿಂಥೆಟಿಕ್ ಎಂದು. ಅದೇನು ಮೂರನೆಯ ಜಾತಿಯಲ್ಲ. ನಾವು ಯಾವುದಕ್ಕೆ ಅಂಜುತ್ತೇವೋ ಅದನ್ನೇ ಕಂಪನಿ ಮಾಡಿ, ಮುಚ್ಚಳ ಬಿಗಿದು, ಮಿನರಲ್‌ಗಿಂತ ಹೆಚ್ಚು ಬೆಲೆಗೆ ಮಾರುತ್ತದೆ. ಎಷ್ಟು ಪಾಲು ಯಾವುದು ಎಂದು ಡಬ್ಬದ ಮೇಲೆ ಸಾಮಾನ್ಯವಾಗಿ ಬರೆದಿರುವುದೂ ಇಲ್ಲ. ಎಂಜಿನ್ ಆಯಿಲ್‌ಗಳನ್ನು ಒಂದಕ್ಕೊಂದು ಬೆರೆಸಿ, ಕಾಯಿಸಿ, ತಣಿಸಿ, ಬೇರೆಯಾಗುತ್ತವೆಯೇ ಎಂದು ನೋಡುವ ಪ್ರಮಾಣಿತ ಪರೀಕ್ಷೆ ಕೂಡ ಇದೆ, ಎಎಸ್‌ಟಿಎಂ ಡಿ-6922 ಎಂದು. ಪ್ರಯೋಗಾಲಯದವರು ಶಾಸ್ತ್ರೋಕ್ತವಾಗಿ ಮಾಡುವುದನ್ನೇ ನಾನು ಕಿಟಕಿಯಲ್ಲಿ ಒರಟಾಗಿ ಮಾಡಿದ್ದು.

ಹಾಗಿದ್ದ ಮೇಲೆ ಈ ಹೆದರಿಕೆ ಹುಟ್ಟಿದ್ದೆಲ್ಲಿ? ನನ್ನ ಅನುಮಾನ ಎರಡನೆಯ ಬಾಟಲಿಯ ಮೇಲೆ. ನಮ್ಮಜ್ಜನ ಎತ್ತಿನ ಗಾಡಿಯಡಿ ಒಂದು ಬಿದಿರ ಗೊಟ್ಟ ನೇತಾಡುತ್ತಿತ್ತು. ಅದರಲ್ಲಿ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕೀಲೆಣ್ಣೆ. ಅಚ್ಚಿಗೆ ಅದನ್ನು ಬಳಿಯದೆ ಗಾಡಿ ಹೊರಟರೆ ಊರಾಚೆಯವರೆಗೂ ಕಿರ್ರೆನ್ನುವುದು ಕೇಳುತ್ತಿತ್ತು. ಹರಳೆಣ್ಣೆಯ ಈ ಅಂಟುವ ಗುಣ ಗೊತ್ತಿದ್ದದ್ದು ನಮಗೊಬ್ಬರಿಗೇ ಅಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬಾತನ ಕಂಪನಿ ಮೋಟಾರು ಮತ್ತು ವಿಮಾನದ ಎಂಜಿನ್‌ಗಳಿಗೆಂದು ಹರಳೆಣ್ಣೆ ಸೇರಿಸಿದ ಆಯಿಲ್ ತಯಾರಿಸಿ 1909ರಲ್ಲಿ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಕ್ಯಾಸ್ಟರ್ ಎಂದರೆ ನಮ್ಮ ಹರಳೇ. ಮುಂದೆ ರೇಸಿನವರು ಬಳಸುತ್ತಿದ್ದ ಹರಳೆಣ್ಣೆ ಆಯಿಲ್ ಪೆಟ್ರೋಲಿಯಂ ಆಯಿಲ್ ಜತೆ ಸರಿಯಾಗಿ ಕರಗುತ್ತಿರಲಿಲ್ಲ. ಆ ಎರಡನ್ನು ಬೆರೆಸಬೇಡಿ ಎಂಬ ಎಚ್ಚರಿಕೆ ಆಗ ನೂರಕ್ಕೆ ನೂರು ಸರಿಯಾಗಿತ್ತು. ಗಾಡಿ ಹೋಯಿತು, ಗೊಟ್ಟ ಹೋಯಿತು, ರೇಸಿನ ಹರಳೆಣ್ಣೆಯೂ ಹೆಚ್ಚುಕಡಿಮೆ ಹೋಯಿತು, ಎಚ್ಚರಿಕೆಯೊಂದು ಮಾತ್ರ ಮೇಸ್ತ್ರಿಯಿಂದ ಮೇಸ್ತ್ರಿಗೆ ದಾಟುತ್ತ ಸಿಂಥೆಟಿಕ್‌ನ ಹೆಗಲೇರಿತು ಎಂದು ನನ್ನ ಊಹೆ.

ಡಬ್ಬದ ಮೇಲೆ ಓದಬೇಕಾದದ್ದು ಬೇರೆ ಎರಡಿವೆ. ಒಂದು, ನಂಬರು. 15ಡಬ್ಲ್ಯು-40, 20ಡಬ್ಲ್ಯು-40, 5ಡಬ್ಲ್ಯು-30 ಎಂದೆಲ್ಲ ಇರುತ್ತದಲ್ಲ, ಅದರ ಹಿಂದಿನ ಅಂಕಿ ನೋಡಿ. 40 ಎಂದರೆ 100 ಡಿಗ್ರಿ ಕಾವಿನಲ್ಲಿ ಆ ಎಣ್ಣೆಯ ಮಂದ ಎಷ್ಟಿರಬೇಕು ಎಂಬ ಅಳತೆ. 5ಡಬ್ಲ್ಯು-40 ಆಗಲಿ 15ಡಬ್ಲ್ಯು-40 ಆಗಲಿ 20ಡಬ್ಲ್ಯು-40 ಆಗಲಿ, ಕಾದ ಎಂಜಿನ್ನಿನೊಳಗೆ ಮೂರೂ ಒಂದೇ ಪಟ್ಟಿಯೊಳಗಿನ ಮಂದ. ಮುಂದಿನ ಡಬ್ಲ್ಯು ಅಂಕಿ ಚಳಿಗಾಲದ್ದು. 20ಡಬ್ಲ್ಯು ಎಂಬುದನ್ನು ಸ್ಟಾರ್ಟ್ ಮಾಡುವ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 15ಡಬ್ಲ್ಯುವನ್ನು 20 ಡಿಗ್ರಿ ಕೆಳಗೆ, 5ಡಬ್ಲ್ಯುವನ್ನು 30 ಡಿಗ್ರಿ ಕೆಳಗೆ. ಮಡಿಕೇರಿಯ ಮಾಗಿಯಲ್ಲಿ ಹಲ್ಲು ಕಡಿಯುವ ಚಳಿಯಿದ್ದರೂ ಅಲ್ಲಿ ಎಣ್ಣೆ ಕಲ್ಲಾದ ಉದಾಹರಣೆ ಇಲ್ಲ, ರಾಯಚೂರಿನ ಮಾತಂತೂ ಬೇಡವೇ ಬೇಡ. ಆದ್ದರಿಂದ ಹಿಂದಿನ ಅಂಕಿ ಹೊಂದಿದರೆ ತುರ್ತಿಗೆ ಒಂದು ಲೀಟರ್ ಸೇರಿಸುವುದಕ್ಕೆ ಹಿಂದೆಮುಂದೆ ನೋಡಬೇಕಾಗಿಲ್ಲ. 40 ಕೇಳುವ ಎಂಜಿನ್ನಿಗೆ 30ರ ತೆಳು ಎಣ್ಣೆಯನ್ನು ಅರ್ಧಕ್ಕರ್ಧ ಸುರಿದರೆ ಅದು ಬೇರೆ ಮಾತು.

ಎರಡನೆಯದು, ಅಕ್ಷರ. ಎಪಿಐ ಎಂದು ಬರೆದು ಮುಂದೆ ಸಿಐ-4, ಸಿಕೆ-4 ಎಂದಿದ್ದರೆ ಡೀಸೆಲ್ಲಿಗೆ; ಎಸ್ಎನ್, ಎಸ್‌ಪಿ ಎಂದಿದ್ದರೆ ಪೆಟ್ರೋಲಿಗೆ. ಡೀಸೆಲ್ ಎಂಜಿನ್ ಮಸಿ ಹೆಚ್ಚು ಮಾಡುತ್ತದೆ, ಅದನ್ನು ಹೊರುವ ಶಕ್ತಿ ಸಿ ಸಾಲಿನ ಎಣ್ಣೆಗೆ ಕೊಟ್ಟಿರುತ್ತಾರೆ. (ಹೊಸ ಆಯಿಲ್ ಎರಡೇ ದಿನಕ್ಕೆ ಕಪ್ಪಾಯಿತು, ಮೋಸ ಎಂದು ಅಂಗಡಿಯವನ ಮೇಲೆ ಹರಿಹಾಯುವವರಿದ್ದಾರೆ. ಡೀಸೆಲ್ಲಿನಲ್ಲಿ ಅದು ಎಣ್ಣೆ ದುಡಿಯುತ್ತಿದೆ ಎಂಬುದರ ಗುರುತು. ಕಪ್ಪಾದರೆ ಹೆದರಬೇಡಿ, ಬೆಳ್ಳಗೆ ಹಾಲಿನಂತಾದರೆ ಹೆದರಿ. ಅದು ನೀರು.) ಸಿಐ-4 ಕೇಳುವ ಟ್ರ್ಯಾಕ್ಟರಿಗೆ ಅದಕ್ಕಿಂತ ಹೊಸ ಸಿಕೆ-4 ನಡೆಯುತ್ತದೆ. ತಿರುಗಾಮುರುಗಾ ಬೇಡ. ಹೊಗೆ ಸೋಸುವ ಡಿಪಿಎಫ್ ಇರುವ ಹೊಸ ಡೀಸೆಲ್ ಗಾಡಿಗಳಿಗೆ ಹಳೆಯ ಆಯಿಲ್ ಹಾಕುತ್ತ ಹೋದರೆ ಅದು ಸುಟ್ಟು ಬಿಡುವ ಬೂದಿ ಸೋಸುಬಟ್ಟೆಯನ್ನೇ ಕಟ್ಟಿಹಾಕುತ್ತದೆ.

ಬೆರೆಸಿದರೆ ಕಳೆದುಕೊಳ್ಳುವುದೇನೂ ಇಲ್ಲವೇ ಎಂದರೆ, ಇದೆ, ದುಡ್ಡು. ಸಿಂಥೆಟಿಕ್‌ಗೆ ಎರಡು ಮೂರು ಪಟ್ಟು ಕೊಡುವುದು ಅದು ಹೆಚ್ಚು ದಿನ ಹಳಸದೆ ಬಾಳಲಿ ಎಂದು. ಅದಕ್ಕೆ ಮಿನರಲ್ ಸೇರಿದ ಮೇಲೆ ಬಾಳಿಕೆಯನ್ನು ಮಿನರಲ್ ಲೆಕ್ಕದಲ್ಲೇ ಹಿಡಿಯಬೇಕು. ನಮ್ಮ ಕಡೆಯ ಬಹಳಷ್ಟು ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಿ ಎಂದು ಪುಸ್ತಕದಲ್ಲಿದೆ. ಬೆರಕೆ ಆಯಿತೋ, ಆ ಗಂಟೆಗೆ ಇಳಿಸಿ, ಹೊಸದು ಹಾಕಿ, ಫಿಲ್ಟರ್ ಬದಲಿಸಿ. ಬೇರೆ ಬೇರೆ ಕಂಪನಿಯ ಮಸಾಲೆಗಳು ಒಂದರ ಕೆಲಸಕ್ಕೆ ಒಂದು ಅಷ್ಟಿಷ್ಟು ಅಡ್ಡ ಬರಬಹುದು ಎನ್ನುವುದೂ ನಿಜವೇ. ಅದಕ್ಕೇ ಇದು ತುರ್ತಿನ ಉಪಾಯವಾಗಿ ಸರಿ, ವರ್ಷದ ಅಡುಗೆಯಾಗಿ ಸಲ್ಲದು. ನನ್ನನ್ನು ಕೇಳಿದರೆ, ವರ್ಷಕ್ಕೆ ಮುನ್ನೂರು ಗಂಟೆ ಓಡುವ ಹಳೆ ಟ್ರ್ಯಾಕ್ಟರಿಗೆ ಸಿಂಥೆಟಿಕ್ ಹಾಕುವುದು ಕೊಟ್ಟಿಗೆಗೆ ಟೈಲ್ಸ್ ಹಾಕಿಸಿದಂತೆ. ತಪ್ಪೇನಿಲ್ಲ, ಹಸುವಿಗೆ ಗೊತ್ತಾಗುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಮಿನರಲ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಎರಡು ಸಲ ಬದಲಿಸಬಹುದು.

ಇಷ್ಟು ಹೊತ್ತು ಬೆರೆಸಬಹುದು ಎಂದೆ. ಬೆರೆಸಲೇಬಾರದ್ದನ್ನು ನಮ್ಮ ಜನ ಯಾವ ಅಳುಕೂ ಇಲ್ಲದೆ ಬೆರೆಸುತ್ತಾರೆ ಎಂಬುದು ನನ್ನ ನಿಜವಾದ ತಕರಾರು. ಟ್ರ್ಯಾಕ್ಟರಿನ ಹಿಂದಿನ ಬಾಯಿಯನ್ನೇ ತೆಗೆದುಕೊಳ್ಳಿ. ಈಗಿನ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಎಷ್ಟೋ ಮಾದರಿಗಳಲ್ಲಿ ಗೇರು, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಲಿಫ್ಟು, ಬ್ರೇಕು ಎಲ್ಲದಕ್ಕೂ ಒಂದೇ ತೊಟ್ಟಿ, ಒಂದೇ ಎಣ್ಣೆ. ಆ ಒಂದು ಎಣ್ಣೆ ಗೇರಿನ ಹಲ್ಲನ್ನು ಕಾಯಬೇಕು, ಲಿಫ್ಟ್ ಪಂಪಿಗೆ ತೆಳುವಾಗಿ ಹರಿಯಬೇಕು, ಬ್ರೇಕ್ ಪ್ಲೇಟು ಜಾರದಂತೆಯೂ ಕಚ್ಚಿ ಕಿರುಚದಂತೆಯೂ ನೋಡಿಕೊಳ್ಳಬೇಕು. ಇದಕ್ಕೆಂದೇ ತಯಾರಾಗುವುದು ಯುಟಿಟಿಒ ಎಂಬ ಆಯಿಲ್. ಅಲ್ಲಿಗೆ ನಮ್ಮವರು ಮನೆಯಲ್ಲಿ ಉಳಿದ ಎಂಜಿನ್ ಆಯಿಲ್, ಟಿಲ್ಲರಿಗೆ ತಂದ 90 ನಂಬರ್ ಗೇರ್ ಆಯಿಲ್, ಎಲ್ಲವನ್ನೂ ಸುರಿಯುತ್ತಾರೆ. ಬೆಳಗ್ಗೆ ಬ್ರೇಕ್ ಒತ್ತಿದರೆ ಗಾಡಿ ಗುರುಗುಟ್ಟುತ್ತದೆ, ತುಂಬಿದ ಟ್ರೇಲರ್ ಎಳೆದು ಇಳಿಜಾರಿನಲ್ಲಿ ಬರುವಾಗ ಒಂದು ಕಡೆಯ ಬ್ರೇಕು ಮುಂಚೆ ಹಿಡಿದು ಇನ್ನೊಂದು ತಡವಾಗುತ್ತದೆ.

ನಾಟಿಯ ಕಾಲದಲ್ಲಿ ಇದಕ್ಕೆ ನೀರೂ ಸೇರುತ್ತದೆ. ಕೇಜ್ ವೀಲ್ ಹಾಕಿ ಆಕ್ಸಲ್ ಮಟ್ಟದ ಕೆಸರಿನಲ್ಲಿ ದಿನಗಟ್ಟಲೆ ಓಡಾಡಿದಾಗ, ಸವೆದ ಸೀಲಿನ ಸಂದಿಯಿಂದ ನೀರು ಒಳಗಿಳಿಯುತ್ತದೆ. ಬೆಳಗ್ಗೆ ಕಡ್ಡಿ ಎಳೆದು ನೋಡಿದರೆ ಎಣ್ಣೆಯ ಮಟ್ಟ ನಿನ್ನೆಗಿಂತ ಏರಿರುತ್ತದೆ. ಎಣ್ಣೆ ತಾನಾಗಿ ಏರುವುದುಂಟೇ? ಬಣ್ಣ ರಾಗಿ ಅಂಬಲಿಯ ಹಾಗಿದ್ದರೆ ನೀರು ಕುಡಿದಿದೆ ಎಂದರ್ಥ. ಈ ಅಂಬಲಿಯನ್ನು ಇಡೀ ಭತ್ತದ ಹಂಗಾಮು ಓಡಿಸಿ, ಬೇಸಿಗೆಯಲ್ಲಿ ಲಿಫ್ಟ್ ಏಳುತ್ತಿಲ್ಲ ಎಂದು ಬರುವವರಿದ್ದಾರೆ. ನೀರಿಗಿಂತ ಕೆಟ್ಟ ಬೆರಕೆ ಬೇರಾವುದೂ ಇಲ್ಲ, ಅದಕ್ಕೆ ಹೆದರಿ ಫೋನ್ ಮಾಡಿದವರನ್ನು ಮಾತ್ರ ನಾನು ಕಂಡಿಲ್ಲ.

ಬೈಕಿನದು ಇನ್ನೊಂದು ಕಥೆ. ಕಾರಿನ ಸರ್ವಿಸ್‌ನಲ್ಲಿ ಉಳಿದ ಅರ್ಧ ಲೀಟರ್ ಸಿಂಥೆಟಿಕ್ಕನ್ನು ಮಗನ ಬೈಕಿಗೆ ಹಾಕಿದರೆ ಅವನಿಗೆ ಉಪಕಾರ ಮಾಡಿದಂತೆ ಎಂದುಕೊಳ್ಳುವ ಅಪ್ಪಂದಿರಿದ್ದಾರೆ. ಹೆಚ್ಚಿನ ಬೈಕುಗಳ ಕ್ಲಚ್ ಪ್ಲೇಟು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಹಲವು ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಮಸಾಲೆ ಇರುತ್ತದೆ, ಮೈಲೇಜಿಗೆಂದು. ಅದು ಕ್ಲಚ್ ಪ್ಲೇಟಿಗೆ ಬಿದ್ದರೆ ಪ್ಲೇಟು ಹಿಡಿಯದೆ ಜಾರುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಬೈಕಿನ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಅದು ಇದ್ದರೆ ಸಿಂಥೆಟಿಕ್ಕೋ ಮಿನರಲ್ಲೋ ಕ್ಲಚ್ ಕೇಳುವುದಿಲ್ಲ.

ಅಡಿಕೆ ತೋಟದವರ ಕಳೆ ಕೊಚ್ಚುವ ಮೆಷಿನ್ನಿನಲ್ಲಿ ಗಲಿಬಿಲಿ ಇನ್ನೂ ಹೆಚ್ಚು. ಟೂ ಸ್ಟ್ರೋಕ್ ಮೆಷಿನ್ನಿಗೆ ಪ್ರತ್ಯೇಕ ಆಯಿಲ್ ತೊಟ್ಟಿ ಇಲ್ಲ, ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಎಂದಿದ್ದರೆ 25 ಮಿಲಿ. ಪಕ್ಕದಲ್ಲೇ ಫೋರ್ ಸ್ಟ್ರೋಕ್ ಮೆಷಿನ್ ಇರುತ್ತದೆ, ಅದಕ್ಕೆ ಬರೀ ಪೆಟ್ರೋಲು, ಆಯಿಲ್ ಬೇರೆ ಬಾಯಿಗೆ. ಕೆಲಸದವರು ಬದಲಾದ ದಿನ ಕ್ಯಾನು ಅದಲುಬದಲಾದರೆ ಟೂ ಸ್ಟ್ರೋಕ್ ಮೆಷಿನ್ ಬರೀ ಪೆಟ್ರೋಲಿನಲ್ಲಿ ಸ್ವಲ್ಪ ಹೊತ್ತು ಕಿರುಚಿ ಜಾಮ್ ಆಗುತ್ತದೆ. ನಮ್ಮ ತೋಟದಲ್ಲಿ ಒಮ್ಮೆ ಹೀಗಾಗಿ ಪಿಸ್ಟನ್ ಹೊಸದು ಹಾಕಿಸಿದೆವು. ತಪ್ಪು ಕೆಲಸದವನದಲ್ಲ, ಎರಡು ಕ್ಯಾನಿಗೂ ಒಂದೇ ಬಣ್ಣ ತಂದಿಟ್ಟ ನನ್ನದು.

ಗ್ರೀಸ್ ವಿಷಯ ಚಿಕ್ಕದು. ಅದು ಎಣ್ಣೆಯನ್ನು ಸಾಬೂನಿನಂಥ ವಸ್ತುವಿನಲ್ಲಿ ಹಿಡಿದಿಟ್ಟದ್ದು. ಆ ಹಿಡಿದಿಡುವ ವಸ್ತುಗಳಲ್ಲಿ ಕೆಲವಕ್ಕೆ ಕೆಲವು ಆಗಿಬರುವುದಿಲ್ಲ. ಬೆರೆತರೆ ಗ್ರೀಸ್ ನೀರಾಗಿ ಬೇರಿಂಗಿನಿಂದ ಸೋರಿಹೋಗುತ್ತದೆ. ಬೇರೆ ಗ್ರೀಸ್ ತುಂಬುವ ಮುಂಚೆ ಹಳೆಯದನ್ನು ಒರೆಸಿ ತೆಗೆಯಿರಿ. ಕಾರು, ಬೈಕುಗಳ ಬ್ರೇಕ್ ಫ್ಲೂಯಿಡ್ ಡಬ್ಬಿಗಂತೂ ಎಂಜಿನ್ ಆಯಿಲ್ ಹನಿಯೂ ಬೀಳಬಾರದು, ಒಳಗಿನ ರಬ್ಬರ್ ಉಬ್ಬಿ ಬ್ರೇಕೇ ಹೋಗುತ್ತದೆ.

ನಾಟಿ ಶುರುವಾಗುವ ಮೊದಲು ಒಂದು ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ಪೇಂಟ್ ಮಾರ್ಕರ್ ತಂದು, ಎಂಜಿನ್ನಿನ ಮುಚ್ಚಳದ ಹತ್ತಿರ ಅದರ ನಂಬರು, ಹಿಂದಿನ ತೊಟ್ಟಿಯ ಹತ್ತಿರ ಅದರ ಆಯಿಲ್‌ನ ಹೆಸರು, ಪೆಟ್ರೋಲ್ ಕ್ಯಾನಿನ ಮೇಲೆ ಆಯಿಲ್ ಬೆರೆಸಿದೆಯೋ ಇಲ್ಲವೋ ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಕೊನೆಯ ಸಲ ಆಯಿಲ್ ಬದಲಿಸಿದಾಗ ಮೀಟರಿನಲ್ಲಿ ಎಷ್ಟು ಗಂಟೆ ಇತ್ತು ಎಂಬುದನ್ನೂ ಮಡ್‌ಗಾರ್ಡಿನ ಒಳಮೈ ಮೇಲೆ ಬರೆಯಿರಿ. ಸೀಟಿನಡಿ ಅದೇ ಆಯಿಲ್‌ನ ಒಂದು ಲೀಟರ್ ಡಬ್ಬ ಇರಲಿ. ಬ್ಯಾರೆಲ್ಲಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಬೇಡ, ಅದರಲ್ಲಿ ಯಾವುದಕ್ಕೆ ಯಾವುದು ಬೆರೆತಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಮನೆಯಾಕೆಯ ಮಾತು ಕೊನೆಗೂ ನಡೆಯಿತು. ಮೊನ್ನೆ ನಮ್ಮ ಟಿಲ್ಲರಿನ ಎಂಜಿನ್ನಿಗೆ ಆಯಿಲ್ ಕಡಿಮೆ ಕಂಡಾಗ ಕಿಟಕಿಯ ಮೊದಲ ಬಾಟಲಿಯನ್ನೇ ತಂದು ಸುರಿದೆ. ಎರಡೂ ಅದು ಕೇಳುವ ನಂಬರಿನವೇ. ಮಿನರಲ್ ಲೆಕ್ಕದಲ್ಲಿ ಬದಲಿಸುವ ಗಂಟೆಯನ್ನು ಹ್ಯಾಂಡಲ್ ಮೇಲೆ ಬರೆದಿದ್ದೇನೆ. ಹರಳೆಣ್ಣೆಯ ಬಾಟಲಿ ಇನ್ನೂ ಕಿಟಕಿಯಲ್ಲಿದೆ, ನೋಡಬೇಕೆಂದವರು ಬನ್ನಿ.